ಗೇಟ್‌ಗೆ ಎಷ್ಟು ಪುಸ್ತಕ ಬೇಕು?

ಜುಲೈ ಕಳೆಯುತ್ತಿದ್ದಂತೆ ಕುಕ್ಕುವಾಡದ ನಮ್ಮ ಮನೆಗೆ ಒಬ್ಬಿಬ್ಬರು ಹುಡುಗರು ಬರುತ್ತಾರೆ. ದಾವಣಗೆರೆಯ ಯಾವುದಾದರೊಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷಕ್ಕೆ ಕಾಲಿಟ್ಟವರು. ಭದ್ರಾ ಕಾಲುವೆಗೆ ನೀರು ಯಾವಾಗ ಬಿಡುತ್ತಾರೋ ಎಂದು ಊರೆಲ್ಲ ಕಾಯುತ್ತಿರುವ ಹೊತ್ತು. ಇವರು ಮಾತ್ರ ಕಟ್ಟೆಯ ಮೇಲೆ ಕೂತು, ಮೊಬೈಲು ತೆಗೆದು ಕೇಳುವುದು ಒಂದೇ: "ಅಣ್ಣ, ಗೇಟಿಗೆ ಯಾವ ಬುಕ್ ತಗಳ್ಳಿ?"

ಮೊಬೈಲಿನಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಹತ್ತು ಹನ್ನೆರಡು ಪುಸ್ತಕ, ಎರಡು ಮೂರು ಟೆಸ್ಟ್ ಸೀರೀಸ್, ಯಾರೋ ಟಾಪರ್ ಬರೆದ ನೋಟ್ಸಿನ ಝೆರಾಕ್ಸ್. ನಾನೂ ಒಮ್ಮೆ ಇಂಥದೇ ಪಟ್ಟಿ ಹಿಡಿದು ಅಂಗಡಿಗೆ ಹೋದವನೇ. ಅಡಕೆ ಮಾರಿದ ದುಡ್ಡಿನಲ್ಲಿ ಅಪ್ಪ ಕೊಡಿಸಿದ ಒಂಬತ್ತು ಗೈಡುಗಳಲ್ಲಿ ಏಳರ ಮೊದಲ ಐವತ್ತು ಪುಟಕ್ಕೆ ಮಾತ್ರ ಹೈಲೈಟರ್ ಬಿದ್ದಿದೆ. ಆ ವರ್ಷ ನಾನು ಅರ್ಹತೆಯ ಅಂಕವನ್ನೂ ಮುಟ್ಟಲಿಲ್ಲ. ಪುಸ್ತಕ ಕಡಿಮೆಯಾಗಿ ಸೋತದ್ದಲ್ಲ, ಪರೀಕ್ಷೆ ಏನು ಕೇಳುತ್ತದೆ ಎಂದು ನೋಡುವ ಮೊದಲೇ ಪುಸ್ತಕ ಕೊಂಡು ಸೋತದ್ದು. ಗದ್ದೆಗೆ ನೀರು ಎಷ್ಟು ದಿನ ಸಿಗುತ್ತದೆಂದು ಕೇಳದೆ ದೀರ್ಘಾವಧಿ ಭತ್ತದ ಬೀಜ ತಂದಂತೆ.

ಆದ್ದರಿಂದ ಪರೀಕ್ಷೆಯಿಂದಲೇ ಶುರು ಮಾಡೋಣ.

ಗೇಟ್ ಎಂಬುದು ಎಂ.ಟೆಕ್ ಮುಂತಾದ ಸ್ನಾತಕೋತ್ತರ ಕೋರ್ಸುಗಳ ಪ್ರವೇಶಕ್ಕೆ ನಡೆಯುವ ಅಖಿಲ ಭಾರತ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯ ಮೇಲೆ ಇದನ್ನು ನಡೆಸುತ್ತವೆ. 2024ರಲ್ಲಿ ಸರದಿ ನಮ್ಮ ವಿಜ್ಞಾನ ಸಂಸ್ಥೆಯದು, 2025ರಲ್ಲಿ ಐಐಟಿ ರೂರ್ಕಿಯದು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಎಲ್ಲವೂ ಕಂಪ್ಯೂಟರ್ ಮುಂದೆ ಕೂತೇ. ಮೂರನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು; ಸ್ಕೋರು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅರ್ಹತೆ ಪಡೆದು ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವುಂಟು. ಕಬ್ಬಿನ ಬಿಲ್ಲಿಗಾಗಿ ಕಾಯುವ ಮನೆಯಲ್ಲಿ ಈ ಸಂಖ್ಯೆಗೆ ಇರುವ ತೂಕವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎನ್‌ಟಿಪಿಸಿ, ಪವರ್‌ಗ್ರಿಡ್‌ನಂಥ ಸರ್ಕಾರಿ ಉದ್ಯಮಗಳು ಕೆಲಸಕ್ಕೆ ಆರಿಸುವಾಗಲೂ ಈ ಸ್ಕೋರನ್ನು ನೋಡುವುದುಂಟು.

ಆ 100 ಅಂಕ ಹೇಗೆ ಹಂಚಿದೆ ಎಂಬುದನ್ನು ಮೊದಲು ಗೋಡೆಗೆ ಬರೆದು ಅಂಟಿಸಿ. ಸಾಮಾನ್ಯ ಸಾಮರ್ಥ್ಯಕ್ಕೆ 15. ಹೆಚ್ಚಿನ ಎಂಜಿನಿಯರಿಂಗ್ ಪತ್ರಿಕೆಗಳಲ್ಲಿ ಗಣಿತಕ್ಕೆ 13ರ ಆಸುಪಾಸು. ಉಳಿದ 72ರಷ್ಟು ನಿಮ್ಮ ವಿಷಯಕ್ಕೆ. ನಮ್ಮ ಹುಡುಗರು ತರುವ ಪುಸ್ತಕದ ಪಟ್ಟಿಯಲ್ಲಿ ಈ ಮೊದಲಿನ 28 ಅಂಕಕ್ಕೆ ಒಂದು ಪುಸ್ತಕವೂ ಇರುವುದಿಲ್ಲ. ಸಾಮಾನ್ಯ ವರ್ಗದ ಅಭ್ಯರ್ಥಿಗೆ ಅರ್ಹತೆಯ ಗೆರೆ ನಿಲ್ಲುವುದು 25 ಅಂಕದಲ್ಲಿ, ಇಲ್ಲವೇ ಎಲ್ಲರ ಸರಾಸರಿಗೆ ಒಂದು ಮಾನಕ ವಿಚಲನೆ ಕೂಡಿಸಿದ ಅಂಕದಲ್ಲಿ. ಎರಡರಲ್ಲಿ ಯಾವುದು ಹೆಚ್ಚೋ ಅದು. ಹಿಂದುಳಿದ ವರ್ಗ, ಪರಿಶಿಷ್ಟರು, ಅಂಗವಿಕಲರಿಗೆ ಅದರಲ್ಲಿ ರಿಯಾಯಿತಿ ಇದೆ. ಅಂದರೆ ಯಾರೂ ಲೆಕ್ಕಕ್ಕೆ ಹಿಡಿಯದ ಆ 28 ಅಂಕವೇ ಎಷ್ಟೋ ಜನರನ್ನು ಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸಬಲ್ಲದು.

ಇನ್ನು ಪುಸ್ತಕ. ಮೊದಲನೆಯ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ಆ ವರ್ಷ ಪರೀಕ್ಷೆ ನಡೆಸುವ ಸಂಸ್ಥೆಯ ಜಾಲತಾಣದಲ್ಲಿರುವ ಸಿಲಬಸ್. ಎರಡು ಮೂರು ಪುಟ, ಪುಕ್ಕಟೆ. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ತೆಗೆಸಿಕೊಳ್ಳಿ. ನಾಲ್ಕು ವರ್ಷ ಸೆಮಿಸ್ಟರಿನಲ್ಲಿ ಓದಿದ್ದಕ್ಕೂ ಇದಕ್ಕೂ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ವಿಟಿಯು ಪರೀಕ್ಷೆಗೆ ಪುಟಗಟ್ಟಲೆ ಬರೆದು ಅಭ್ಯಾಸವಾದ ವಿಷಯವೊಂದು ಇಲ್ಲಿ ಹೆಸರಿಗೂ ಇರದೆ ಹೋಗಬಹುದು. ಮುಖ್ಯವಲ್ಲವೆಂದು ನೀವು ಬಿಟ್ಟ ಘಟಕ ಇಲ್ಲಿ ಎದ್ದು ಕೂತಿರಬಹುದು.

ಎರಡನೆಯ ಪುಸ್ತಕ ಹಳೆಯ ಪ್ರಶ್ನೆಪತ್ರಿಕೆಗಳು. ಅವೂ ಕೀ ಉತ್ತರದ ಸಮೇತ ಪುಕ್ಕಟೆಯಾಗಿ ಸಿಗುತ್ತವೆ. ಸಿವಿಲ್‌ನಂಥ ದೊಡ್ಡ ಪತ್ರಿಕೆಯನ್ನು ಒಂದೇ ವರ್ಷ ಎರಡು ಪಾಳಿಯಲ್ಲಿ ನಡೆಸುವುದರಿಂದ ವರ್ಷಕ್ಕೆ ಎರಡೆರಡು ಪತ್ರಿಕೆ ಕೈಗೆ ಬರುವುದೂ ಉಂಟು. ಬಹಳ ಜನ ಇವನ್ನು ಜನವರಿಗೆಂದು, ಹಬ್ಬಕ್ಕೆ ಎತ್ತಿಟ್ಟ ತುಪ್ಪದಂತೆ ಎತ್ತಿಡುತ್ತಾರೆ. ಮೊದಲ ವಾರದಲ್ಲೇ ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಬೇಕು ಎನ್ನುತ್ತೇನೆ ನಾನು. ಹದಿನೈದೋ ಇಪ್ಪತ್ತೋ ಅಂಕ ಬರುತ್ತದೆ, ಬರಲಿ. ಎಲ್ಲಿ ಏನು ಗೊತ್ತಿಲ್ಲ ಎಂಬ ಪಟ್ಟಿ ಆ ಮೂರು ಗಂಟೆಯಲ್ಲಿ ಸಿಕ್ಕಿಬಿಡುತ್ತದೆ, ಪುಸ್ತಕ ಕೊಳ್ಳಬೇಕಾದ್ದು ಆ ಪಟ್ಟಿ ನೋಡಿ.

ಆಮೇಲೆ ಹತ್ತು ವರ್ಷದ ಪತ್ರಿಕೆಗಳನ್ನು ಹರಡಿಕೊಂಡು ಪ್ರತಿ ಪ್ರಶ್ನೆಯೂ ಸಿಲಬಸ್ಸಿನ ಯಾವ ಸಾಲಿಗೆ ಸೇರುತ್ತದೆಂದು ಗೆರೆ ಎಳೆಯುತ್ತಾ ಹೋಗಿ. ಒಂದು ಭಾನುವಾರದ ಕೆಲಸ. ಯಾವ ಸಾಲಿನ ಮುಂದೆ ಗೆರೆ ತುಂಬಿದೆ, ಯಾವುದು ಖಾಲಿ ಎಂದು ಕಣ್ಣಿಗೇ ಕಾಣುತ್ತದೆ. ಇದೇ ಪಟ್ಟಿಯನ್ನು ಅಚ್ಚು ಹಾಕಿ ಮಾರುವವರಿದ್ದಾರೆ. ಕೊಳ್ಳಬೇಡಿ, ಗೆರೆ ಎಳೆಯುವಾಗ ಪ್ರಶ್ನೆ ಓದಿರುತ್ತೀರಲ್ಲ, ಲಾಭ ಇರುವುದು ಅಲ್ಲಿ.

ಈಗ ಅಂಗಡಿಯ ಪುಸ್ತಕಕ್ಕೆ ಬರೋಣ. ಇವುಗಳಲ್ಲಿ ಎರಡು ಜಾತಿ: ಪಠ್ಯಪುಸ್ತಕ ಮತ್ತು ಗೈಡು. ಪಠ್ಯಪುಸ್ತಕ ಕಾರಣ ಹೇಳುತ್ತದೆ, ಗೈಡು ಸೂತ್ರ ಹೇಳುತ್ತದೆ. ಗೇಟ್ ಕೇಳುವುದು ಹೆಚ್ಚಾಗಿ ಕಾರಣವನ್ನು, ಆದರೆ ಸೂತ್ರದ ವೇಷದಲ್ಲಿ. ನಮ್ಮ ಕಾಲುವೆಯನ್ನೇ ತೆಗೆದುಕೊಳ್ಳಿ. ತೆರೆದ ಕಾಲುವೆಯಲ್ಲಿ ನೀರಿನ ವೇಗಕ್ಕೆ ಮ್ಯಾನಿಂಗ್ ಸೂತ್ರವಿದೆ. ಗೈಡಿನಲ್ಲಿ ಒಂದು ಚೌಕದೊಳಗೆ ಅಚ್ಚಾಗಿರುತ್ತದೆ, ಬಾಯಿಪಾಠ ಮಾಡಲು ಎರಡು ನಿಮಿಷ ಸಾಕು. ಆದರೆ ಪ್ರಶ್ನೆ ಹೀಗೆ ಬಂತೆನ್ನಿ: ಬಹಳ ಅಗಲದ ಕಾಲುವೆಯಲ್ಲಿ ಕಳೆ ಬೆಳೆದು ತಳದ ಒರಟುತನದ ಗುಣಾಂಕ ಎರಡು ಪಟ್ಟಾಯಿತು, ಇಳಿಜಾರು ಅಷ್ಟೇ, ಹರಿಯಬೇಕಾದ ನೀರೂ ಅಷ್ಟೇ, ಹಾಗಿದ್ದರೆ ನೀರಿನ ಆಳ ಎಷ್ಟು ಪಟ್ಟಾಗಬೇಕು? ಚೌಕದೊಳಗಿನ ಸೂತ್ರ ಉತ್ತರ ಕೊಡುವುದಿಲ್ಲ. ಅಗಲವಾದ ಕಾಲುವೆಯಲ್ಲಿ ಜಲೀಯ ತ್ರಿಜ್ಯವೆಂದರೆ ಹೆಚ್ಚುಕಡಿಮೆ ಆಳವೇ, ಆದ್ದರಿಂದ ಹರಿವು ಆಳದ ಮೂರನೇ ಐದು ಘಾತಕ್ಕೆ ಅನುಗುಣ ಎಂಬುದು ತಲೆಗೆ ಹೋಗಿರಬೇಕು. ಹೋಗಿದ್ದರೆ ಎರಡರ ಐದನೇ ಮೂರು ಘಾತ, ಅಂದರೆ ಸುಮಾರು 1.52 ಪಟ್ಟು ಎಂದು ಒಂದೂವರೆ ನಿಮಿಷದಲ್ಲಿ ಬರುತ್ತದೆ. ಕಾಲುವೆಯಲ್ಲಿ ಹೂಳು, ಕಳೆ ತೆಗೆಯದಿದ್ದರೆ ಕೊನೇ ಭಾಗಕ್ಕೆ ನೀರು ಯಾಕೆ ಬರುವುದಿಲ್ಲ ಎಂದು ನಮ್ಮ ರೈತರು ವರ್ಷವರ್ಷ ಕೂಗುವ ಮಾತು ಇದೇ ಲೆಕ್ಕ.

ಆದ್ದರಿಂದ ನನ್ನ ತೀರ್ಪು: ಒಂದು ವಿಷಯಕ್ಕೆ ಒಂದೇ ಪಠ್ಯಪುಸ್ತಕ, ಮೇಲೆ ಇಡೀ ಪರೀಕ್ಷೆಗೆ ಬಿಡಿಸಿದ ಹಳೆಯ ಪ್ರಶ್ನೆಗಳ ಒಂದೇ ಸಂಗ್ರಹ. ಸಿವಿಲ್‌ನವರಿಗೆ ಜಲಶಾಸ್ತ್ರಕ್ಕೂ ತೆರೆದ ಕಾಲುವೆಗೂ ಐಐಟಿ ಕಾನ್ಪುರದಲ್ಲಿ ಪಾಠ ಮಾಡಿದ ಕೆ. ಸುಬ್ರಮಣ್ಯ ಅವರ ಪುಸ್ತಕಗಳಿವೆ. ಮೆಕ್ಯಾನಿಕಲ್‌ನವರಿಗೆ ಥರ್ಮೋಡೈನಮಿಕ್ಸ್‌ಗೆ ಪಿ.ಕೆ. ನಾಗ್, ಯಂತ್ರಸಿದ್ಧಾಂತಕ್ಕೆ ಎಸ್.ಎಸ್. ರತ್ತನ್. ಕಂಪ್ಯೂಟರ್ ಸೈನ್ಸ್‌ನವರಿಗೆ ಆಪರೇಟಿಂಗ್ ಸಿಸ್ಟಮ್‌ಗೆ ಗ್ಯಾಲ್ವಿನ್, ಡೇಟಾಬೇಸ್‌ಗೆ ಕೋರ್ತ್, ಡಿಸ್ಕ್ರೀಟ್ ಗಣಿತಕ್ಕೆ ರೋಸೆನ್. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಬ್ಬರಿಗೂ ಕಂಟ್ರೋಲ್ ಸಿಸ್ಟಮ್‌ಗೆ ನಾಗ್ರತ್–ಗೋಪಾಲ್. ಗಣಿತಕ್ಕೆ ಎಲ್ಲರಿಗೂ ಬಿ.ಎಸ್. ಗ್ರೇವಾಲ್ ಸಾಕು, ಅದು ಹೇಗೂ ಮೊದಲ ವರ್ಷದಿಂದ ಮನೆಯಲ್ಲೇ ಬಿದ್ದಿರುತ್ತದೆ. ಇವೆಲ್ಲವನ್ನೂ ಕೊಳ್ಳಬೇಕೆಂದಲ್ಲ. 1951ರಲ್ಲಿ ಶುರುವಾದ ಯುಬಿಡಿಟಿ, 1979ರ ಬಿಐಇಟಿಯಂಥ ಹಳೆಯ ಕಾಲೇಜುಗಳು ದಾವಣಗೆರೆಯಲ್ಲಿವೆ; ಇಂಥ ಪಠ್ಯಪುಸ್ತಕಕ್ಕೆ ಮೊದಲು ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ, ಆಮೇಲೆ ಸೀನಿಯರ್‌ಗಳ ಹತ್ತಿರ. ಹಳೆಯ ಆವೃತ್ತಿಯಾದರೂ ನಡೆಯುತ್ತದೆ. ನ್ಯೂಟನ್ನನ ನಿಯಮ ಹೊಸ ಆವೃತ್ತಿಯಲ್ಲಿ ಬದಲಾಗಿಲ್ಲ. ಕಟ್ಟಡ, ರಸ್ತೆಗಳ ಭಾರತೀಯ ಮಾನಕ ಸಂಹಿತೆಗೆ ಸಂಬಂಧಿಸಿದ ಪಾಠಗಳಿಗೆ ಮಾತ್ರ ಇದು ಹೊಂದುವುದಿಲ್ಲ; ಅಲ್ಲಿ ಈಗ ಚಾಲ್ತಿಯಲ್ಲಿರುವ ಸಂಹಿತೆ ಆಧರಿಸಿದ ಪುಸ್ತಕವೇ ಬೇಕು.

ಗೈಡು ಕೊಳ್ಳಲೇಬೇಕೆಂದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಪಾಠದ ಪುಟ ತೆರೆದು ಕಷ್ಟದ ಎರಡು ಲೆಕ್ಕಗಳ ಪರಿಹಾರ ಓದಿ. ಎರಡು ಹೆಜ್ಜೆ ಹಾರಿಸಿ ಉತ್ತರಕ್ಕೆ ಬಂದಿದ್ದರೆ, ಗೊತ್ತಿಲ್ಲದ ಪಾಠದಲ್ಲಿ ಅದು ನಿಮ್ಮನ್ನು ನಡುದಾರಿಯಲ್ಲೇ ಬಿಡುತ್ತದೆ. ಗೈಡಿನ ಉತ್ತರಕ್ಕೂ ಅಧಿಕೃತ ಕೀ ಉತ್ತರಕ್ಕೂ ತಾಳೆಯಾಗದಿದ್ದರೆ ನಂಬಬೇಕಾದ್ದು ಕೀ ಉತ್ತರವನ್ನು. ದಪ್ಪ ನೋಡಿ ಕೊಳ್ಳುವುದಂತೂ ಬೇಡವೇ ಬೇಡ. ನಾನು ಕೊಂಡ ಒಂದು ದಪ್ಪನೆಯ ಗೈಡಿನ ಹಾಳೆಗಳಲ್ಲಿ ಕಡೆಗೆ ಮಿರ್ಚಿ ಮಂಡಕ್ಕಿ ತಿಂದಿದ್ದೇವೆ. ಎಣ್ಣೆ ಚೆನ್ನಾಗಿ ಹೀರುತ್ತದೆ.

ವಿಡಿಯೊ ಪಾಠಗಳಲ್ಲಿ ಎನ್‌ಪಿಟಿಇಎಲ್ ಅನ್ನು ಬಿಟ್ಟು ಬೇರೆಡೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಸಂಕಟವಾಗುತ್ತದೆ. ಐಐಟಿಗಳ, ವಿಜ್ಞಾನ ಸಂಸ್ಥೆಯ ಅಧ್ಯಾಪಕರೇ ಮಾಡಿದ ಪಾಠ, ಪುಕ್ಕಟೆ. ಗೇಟ್ ಅಭ್ಯಾಸಕ್ಕೆಂದೇ ಅಲ್ಲಿ ಒಂದು ಪ್ರತ್ಯೇಕ ವಿಭಾಗವೂ ಇದೆ. ಆದರೆ ಒಂದು ಎಚ್ಚರ: ನಲವತ್ತು ಗಂಟೆಯ ಪಾಠವನ್ನು ಮೊದಲಿಂದ ಕೊನೆಯವರೆಗೆ ಸಿನಿಮಾದಂತೆ ನೋಡಬೇಡಿ. ಪುಸ್ತಕ ಓದಿ ಅರ್ಥವಾಗದೆ ನಿಂತ ಜಾಗಕ್ಕೆ ಮಾತ್ರ ಹೋಗಿ, ನೋಡಿ, ವಾಪಸ್ ಬನ್ನಿ.

ಕೋಚಿಂಗ್ ಬೇಕೇ ಎಂದು ಅಪ್ಪಂದಿರು ಕೇಳುತ್ತಾರೆ. ಬೆಳಿಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ಕತ್ತಲಾದ ಮೇಲೆ ಊರಿಗೆ ಬರುವ ಹುಡುಗನಿಗೆ ಅದರ ಮೇಲೆ ಎರಡು ಗಂಟೆ ತರಗತಿ ಎಂದರೆ ಸ್ವಂತವಾಗಿ ಲೆಕ್ಕ ಬಿಡಿಸುವ ಹೊತ್ತು ಹೋಯಿತು ಎಂದೇ ಅರ್ಥ. ತನ್ನಷ್ಟಕ್ಕೆ ಕೂತು ಓದುವ ಶಿಸ್ತೇ ಇಲ್ಲದವನಿಗೆ, ಅಥವಾ ಕೆಲಸಕ್ಕೆ ಸೇರಿ ವಿಷಯ ಮರೆತವನಿಗೆ ಕೋಚಿಂಗ್ ನೆರವಾಗಬಹುದು. ಉಳಿದವರು ಆ ದುಡ್ಡಿನಲ್ಲಿ ಒಂದು ಒಳ್ಳೆಯ ಟೆಸ್ಟ್ ಸೀರೀಸ್ ಮಾತ್ರ ಕೊಂಡರೆ ಸಾಕು. ಒಂದೇ. ಎರಡು ಕೊಂಡರೆ ಎರಡೂ ಅರ್ಧ ಉಳಿಯುತ್ತವೆ.

ಓದುವ ಕ್ರಮದ ಬಗ್ಗೆ ಒಂದು ಪ್ರಯೋಗವನ್ನು ಹೇಳಲೇಬೇಕು. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕೆಲವು ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಕೆಲವನ್ನು ಒಂದು ಸಲ ಓದಿಸಿ, ಎರಡನೆಯ ಸಲ ಪುಸ್ತಕ ಮುಚ್ಚಿಸಿ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇಕಡ 81, ಇನ್ನೊಂದು 75. ಒಂದು ವಾರದ ಬಳಿಕ ಲೆಕ್ಕ ತಿರುಗುಮುರುಗಾಯಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡ 42, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದದ್ದರಲ್ಲಿ 56. ಗೇಟ್ ಐದು ನಿಮಿಷದ ಬಳಿಕ ಬರುವ ಪರೀಕ್ಷೆಯಲ್ಲ. ನೋಟ್ಸನ್ನು ಬಣ್ಣಬಣ್ಣದ ಪೆನ್ನಿನಲ್ಲಿ ಮತ್ತೆ ಮತ್ತೆ ಬರೆಯುವುದಕ್ಕಿಂತ, ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಸೂತ್ರವನ್ನು ಮೊದಲಿನಿಂದ ಕಟ್ಟಿ ನೋಡುವುದು ಮೇಲು. ಮಧ್ಯದಲ್ಲಿ ಸಿಕ್ಕಿಬೀಳುತ್ತೀರಿ, ಬೇಸರವಾಗುತ್ತದೆ. ಹಾಗೆ ಸಿಕ್ಕಿಬಿದ್ದು ಬಿಡಿಸಿಕೊಂಡದ್ದೇ ಫೆಬ್ರುವರಿವರೆಗೆ ಉಳಿಯುತ್ತದೆ.

ಇದಕ್ಕೆ ಜೊತೆಯಾಗಿ ಒಂದು ತಪ್ಪಿನ ಪುಸ್ತಕ ಇಡಿ. ನೂರು ಪುಟದ ನೋಟ್‌ಬುಕ್ ಸಾಕು. ತಪ್ಪಿದ ಪ್ರತಿ ಲೆಕ್ಕಕ್ಕೂ ಒಂದು ಸಾಲು: ಪಾಠ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಪ್ರಶ್ನೆಯನ್ನು ತಪ್ಪಾಗಿ ಓದಿದೆನೇ, ಮಿಲಿಮೀಟರನ್ನು ಮೀಟರಿಗೆ ತಿರುಗಿಸದೆ ಬಿಟ್ಟೆನೇ? ತಿಂಗಳು ಕಳೆದ ಮೇಲೆ ತಿರುವಿ ನೋಡಿ. ನನ್ನ ಪುಸ್ತಕದಲ್ಲಿ ಮೂರನೆಯ ಜಾತಿಯ ತಪ್ಪೇ ಅರ್ಧಕ್ಕಿಂತ ಹೆಚ್ಚಿತ್ತು. ಅದಕ್ಕೆ ಯಾವ ಗೈಡೂ ಮದ್ದಲ್ಲ.

ಪರೀಕ್ಷೆಯ ಕೋಣೆಯಲ್ಲಿ ಮೂರು ಜಾತಿಯ ಪ್ರಶ್ನೆಗಳಿರುತ್ತವೆ, ಮೂರಕ್ಕೂ ನಿಯಮ ಬೇರೆ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅಂಕ ಕಳೆಯುತ್ತಾರೆ: ಒಂದಂಕದ್ದಕ್ಕೆ ಮೂರನೇ ಒಂದು, ಎರಡಂಕದ್ದಕ್ಕೆ ಮೂರನೇ ಎರಡು. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗಳು 2021ರಿಂದ ಸೇರಿವೆ. ಇಲ್ಲಿ ಕಳೆಯುವುದಿಲ್ಲ, ಆದರೆ ಎಲ್ಲ ಸರಿಯುತ್ತರಗಳನ್ನೂ ಆರಿಸದಿದ್ದರೆ ಒಂದು ಚೂರೂ ಕೊಡುವುದಿಲ್ಲ. ಮೂರನೆಯದು ಸಂಖ್ಯೆಯನ್ನೇ ಒತ್ತಬೇಕಾದದ್ದು, ಅದಕ್ಕೂ ಋಣಾಂಕವಿಲ್ಲ. ಆದ್ದರಿಂದ ಕೊನೆಯ ಎರಡು ಜಾತಿಯಲ್ಲಿ ಖಾಲಿ ಬಿಡುವುದಕ್ಕೆ ಅರ್ಥವೇ ಇಲ್ಲ.

ಮೊದಲ ಜಾತಿಯಲ್ಲಿ ಊಹೆ ಮಾಡಬಹುದೇ? ಸಣ್ಣ ಲೆಕ್ಕ. ಒಂದಂಕದ ಪ್ರಶ್ನೆಗೆ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ ನಾಲ್ಕರಲ್ಲಿ ಒಂದು ಸಲ ಒಂದಂಕ ಬರುತ್ತದೆ, ಮೂರು ಸಲ ಮೂರನೇ ಒಂದರಂತೆ ಒಟ್ಟು ಒಂದಂಕ ಹೋಗುತ್ತದೆ; ಬಂದದ್ದು ಹೋದದ್ದು ಸಮ. ಖಚಿತವಾಗಿ ತಪ್ಪು ಎನ್ನುವ ಒಂದು ಆಯ್ಕೆಯನ್ನು ತೆಗೆದುಹಾಕಲು ಆದರೆ, ಸರಾಸರಿಯಲ್ಲಿ ಒಂಬತ್ತನೇ ಒಂದು ಅಂಕದ ಲಾಭ. ಎರಡನ್ನು ತೆಗೆದುಹಾಕಿದರೆ ಮೂರನೇ ಒಂದು ಅಂಕ. ಅಂದರೆ ಒಂದಾದರೂ ಆಯ್ಕೆ ತಪ್ಪೆಂದು ಕಾರಣ ಸಮೇತ ಗೊತ್ತಿದ್ದರೆ ಒತ್ತಿ, ಇಲ್ಲದಿದ್ದರೆ ಮುಂದೆ ಹೋಗಿ. ಸಮ ಎಂದೆನಲ್ಲ, ಅದು ನೂರು ಊಹೆಯ ಸರಾಸರಿಗೆ. ನಿಮ್ಮ ಐದು ಊಹೆಯಲ್ಲಿ ಐದೂ ತಪ್ಪಬಹುದು.

ನಿಮ್ಮ ಕ್ಯಾಲ್ಕುಲೇಟರನ್ನು ಒಳಗೆ ಬಿಡುವುದಿಲ್ಲ. ಪರದೆಯ ಮೇಲೆ ಒಂದು ಕ್ಯಾಲ್ಕುಲೇಟರ್ ತೆರೆದುಕೊಳ್ಳುತ್ತದೆ, ಅದನ್ನು ಮೌಸಿನಿಂದ ಒತ್ತಬೇಕು. ಮೊದಲ ಸಲ ಕೈ ತಡವರಿಸುತ್ತದೆ. ಹಳ್ಳಿಯ ಹುಡುಗರಲ್ಲಿ ಮೊಬೈಲಿನಲ್ಲೇ ಟೆಸ್ಟ್ ಬರೆದು ಅಭ್ಯಾಸ ಮಾಡುವವರು ಹೆಚ್ಚು. ಕೊನೆಯ ಎರಡು ತಿಂಗಳಾದರೂ ಕಾಲೇಜಿನ ಲ್ಯಾಬಿನಲ್ಲೋ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿಯೋ ಕೂತು ಬರೆಯಿರಿ. ಅಧಿಕೃತ ಜಾಲತಾಣದಲ್ಲಿ ಮಾದರಿ ಪರೀಕ್ಷೆ ಇರುತ್ತದೆ, ಪರದೆ ಹೇಗಿರುತ್ತದೆಂದು ಅದರಲ್ಲೇ ನೋಡಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಸಾಮಾನ್ಯ ಸಾಮರ್ಥ್ಯದ 15 ಅಂಕದಲ್ಲಿ ಒಂದು ಪಾಲು ಇಂಗ್ಲಿಷಿನದು. ಅದನ್ನು ನೋಡಿ ಇಡೀ ಭಾಗವನ್ನೇ ಬಿಡುವವರಿದ್ದಾರೆ. ಉಳಿದದ್ದು ಶೇಕಡವಾರು, ಅನುಪಾತ, ನಕ್ಷೆ ಓದುವುದು, ಕಾಗದ ಮಡಚಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ ಎಂಬಂಥ ತರ್ಕ. ಇದಕ್ಕೆ ಭಾಷೆಯ ಹಂಗು ಕಡಿಮೆ. ಇಂಗ್ಲಿಷಿಗೆ ವ್ಯಾಕರಣದ ಗೈಡು ಬೇಡ; ಹಳೆಯ ಪತ್ರಿಕೆಗಳ ಇಂಗ್ಲಿಷ್ ಪ್ರಶ್ನೆಗಳನ್ನಷ್ಟೇ ಒಂದು ಕಡೆ ಕಲೆಹಾಕಿ. ಸಿವಿಲ್, ಮೆಕ್ಯಾನಿಕಲ್ ಎನ್ನದೆ ಬೇರೆ ಪತ್ರಿಕೆಗಳ ಈ ಭಾಗವನ್ನೂ ಬಿಡಿಸಬಹುದು, ಕೇಳುವ ಧಾಟಿ ಒಂದೇ. ದಾವಣಗೆರೆಯ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ದಿನಕ್ಕೆ ಐದು ಪ್ರಶ್ನೆ ಮಾಡಿದರೂ ಆಯಿತು.

ಗೇಟ್ ಒಂದನ್ನೇ ನಂಬಿ ಕೂರುವುದೂ ಬೇಡ. ರಾಜ್ಯದ ಕಾಲೇಜುಗಳ ಎಂ.ಟೆಕ್, ಎಂಬಿಎ, ಎಂಸಿಎ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಇದೆ: 100 ಅಂಕ, ಎರಡು ಗಂಟೆ, ಋಣಾಂಕ ಇಲ್ಲ. ಎಂ.ಟೆಕ್ ಸೀಟಿನಲ್ಲಿ ಗೇಟ್ ಆದವರಿಗೆ ಮೊದಲ ಆದ್ಯತೆ, ಆಮೇಲೆ ಪಿಜಿಸಿಇಟಿಯವರು. ಗೇಟ್‌ಗೆ ಓದಿದವರಿಗೆ ಇದಕ್ಕೆಂದು ಹೊಸ ಪುಸ್ತಕ ಬೇಡ. ಗಡಿಯಾರ ಮಾತ್ರ ಬೇರೆ. ಇಲ್ಲಿ ಆಳಕ್ಕಿಂತ ವೇಗ ಮುಖ್ಯ, ಒಂದು ಪ್ರಶ್ನೆಯನ್ನೂ ಖಾಲಿ ಬಿಡುವ ಹಾಗಿಲ್ಲ.

ಇನ್ನು ದಿನಗಳ ಲೆಕ್ಕ. ಗೇಟ್ ನಡೆಯುವುದು ಫೆಬ್ರುವರಿ ಮೊದಲ ವಾರಗಳಲ್ಲಿ. ವಿಟಿಯು ಏಳನೇ ಸೆಮಿಸ್ಟರಿನ ಪರೀಕ್ಷೆ ಡಿಸೆಂಬರ್, ಜನವರಿಯಲ್ಲಿ ಬಂದು ಮೇಲೆ ಬೀಳುತ್ತದೆ. "ಜನವರಿಯಲ್ಲಿ ಕೂತು ಓದ್ತೀನಿ" ಎನ್ನುವವನಿಗೆ ಜನವರಿ ಸಿಗುವುದೇ ಇಲ್ಲ. ಹೊಸ ಪಾಠ ನವೆಂಬರ್ ಕೊನೆಗೆ ಮುಗಿಯಬೇಕು. ಆಮೇಲೆ ಏನಿದ್ದರೂ ತಪ್ಪಿನ ಪುಸ್ತಕ ಮತ್ತು ವಾರಕ್ಕೊಂದು ಪೂರ್ಣ ಪರೀಕ್ಷೆ. ಸಿಲಬಸ್ ಅಷ್ಟರಲ್ಲಿ ಮುಗಿಯದಿದ್ದರೆ, ಗೆರೆ ಕಡಿಮೆ ಬಿದ್ದ ಸಾಲುಗಳನ್ನು ಬಿಟ್ಟುಬಿಡಿ, ಕೊರಗಬೇಡಿ. ಆರನೇ ಸೆಮಿಸ್ಟರಿನಲ್ಲಿರುವ ತಮ್ಮ, ತಂಗಿ ಇದ್ದರೆ ಅವರಿಗೆ ಈಗಲೇ ಗಣಿತ ಶುರುಮಾಡಲು ಹೇಳಿ.

ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಯ ಹೊತ್ತಿಗೆ ತೆರೆಯುತ್ತದೆ. 2026ರ ಪರೀಕ್ಷೆಗೆ ಶುಲ್ಕ 2,000 ರೂಪಾಯಿ ಇತ್ತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ 1,000. ಗಡುವು ಮೀರಿದರೆ ದಂಡ ಸೇರುತ್ತದೆ. ಪರೀಕ್ಷೆಯ ಊರನ್ನು ಆರಿಸುವಾಗ ಆ ವರ್ಷದ ಕೇಂದ್ರಗಳ ಪಟ್ಟಿ ನೋಡಿ, ಹತ್ತಿರದ್ದನ್ನೇ ಮೊದಲು ಹಾಕಿ. ನನ್ನ ಒಂಬತ್ತು ಗೈಡಿನಲ್ಲಿ ಮಂಡಕ್ಕಿಗೆ ಹೋಗದೆ ಉಳಿದವು ಅಟ್ಟದ ಮೇಲಿವೆ. ಬೇಕಾದವರು ಒಯ್ಯಬಹುದು, ಆದರೆ ಬರುವಾಗ ಬಿಡಿಸಿದ ಒಂದು ಹಳೆಯ ಪತ್ರಿಕೆ ಕೈಯಲ್ಲಿರಲಿ.